ವೇಗ ಸೋರುವ ಎಡೆ

ಅಂತರ್ಜಾಲ ನಿಧಾನವಾಯಿತೆಂದರೆ ಎಲ್ಲರೂ ಮೊದಲು ದೂರುವುದು ಸಂಪರ್ಕ ಕೊಟ್ಟ ಕಂಪೆನಿಯನ್ನು. ಗದ್ದೆಗೆ ನೀರು ಬಾರದಾಗ ಕೆರೆಯನ್ನು ಬೈಯುವವರೇ ಹೆಚ್ಚು. ಕಾಲುವೆಯ ಗುಂಟ ನಡೆದು ಬಿರುಕನ್ನು ಹುಡುಕುವವರು ವಿರಳ. ಕಳೆದ ಮಳೆಗಾಲದಲ್ಲಿ ಹಾಗೆ ನಡೆದು ನೋಡುವ ಅಗತ್ಯ ನನಗೆ ಒದಗಿತು.

ಸಾಗರದ ಬಳಿಯ ಹಳ್ಳಿಯಲ್ಲಿರುವ ನನ್ನ ಅಕ್ಕನಿಗೆ ಕಣ್ಣು ಮಂಜಾಗಿ ಕೆಲವು ವರ್ಷಗಳಾದವು. ಪ್ರತಿ ಸಂಜೆ ಮೈಸೂರಿನ ನನ್ನ ಕೋಣೆಯಿಂದ ಆಕೆಗೆ ಕುಮಾರವ್ಯಾಸನ ಭಾರತವನ್ನು ರಾಗವಾಗಿ ಓದಿಹೇಳುವುದು ನಮ್ಮ ಪದ್ಧತಿ. ಭಾಮಿನಿ ಷಟ್ಪದಿ ಮಾತ್ರೆಗಳ ಲೆಕ್ಕದ ಮೇಲೆ ನಿಂತದ್ದು. ನಡುವೆ ಎರಡು ಅಕ್ಷರ ನುಂಗಿಹೋದರೆ ಪದ್ಯ ಕುಂಟುತ್ತದೆ. ಈ ಸಲ ಪದ್ಯಕ್ಕೆ ಪದ್ಯವೇ ಚೂರಾಗತೊಡಗಿತು. "ತಮ್ಮಾ, ನನ್ನ ಕಿವಿಯೂ ಹೋಯಿತೇನೋ?" ಎಂದಳು ಅಕ್ಕ. ಕಣ್ಣು ಕಳೆದುಕೊಂಡವಳು ಕಿವಿಯನ್ನೂ ಶಂಕಿಸುವಂತಾದುದು ನನಗೆ ಸಹಿಸಲಾಗಲಿಲ್ಲ.

ನಾವು ಹಣ ತೆರುವುದು ಸೆಕೆಂಡಿಗೆ 200 ಮೆಗಾಬಿಟ್ ವೇಗಕ್ಕೆ. (ಎಂಟು ಬಿಟ್ ಕೂಡಿದರೆ ಒಂದು ಬೈಟ್, ಆದುದರಿಂದ ಅದು 25 ಮೆಗಾಬೈಟ್ ಮಾತ್ರ. ಈ ಭೇದ ತಿಳಿಯದೆ ಜಗಳಕ್ಕೆ ಹೋಗುವವರುಂಟು.) ಮೊದಲು ಕಂಪ್ಯೂಟರನ್ನು ಹಜಾರದ ರೌಟರಿಗೆ ತಂತಿಯಿಂದಲೇ ಜೋಡಿಸಿ ಅಳೆದೆ: 94. ಆಮೇಲೆ ಕೋಣೆಯಲ್ಲಿ, ತಂತಿಯಿಲ್ಲದೆ ಅಳೆದೆ: 7, ಒಮ್ಮೊಮ್ಮೆ ಅದೂ ಇಲ್ಲ.

ಈ 94 ಎಂಬ ಅಂಕಿ ಸುಮ್ಮನೆ ಬಂದುದಲ್ಲ. 100 ಮೆಗಾಬಿಟ್ಟಿನ ಈಥರ್ನೆಟ್ ಬಾಗಿಲಿನಲ್ಲಿ, ವಿಳಾಸ ಮೊದಲಾದ ಹೊದಿಕೆಯ ಭಾರ ಕಳೆದರೆ, ತೂರುವ ಸರಕು ಸುಮಾರು ಅಷ್ಟೇ. ಎಂದರೆ ಹಳೆಯ ರೌಟರಿನ ಬಾಗಿಲೇ ಕಿರಿದು. ತೆತ್ತ ಹಣದಲ್ಲಿ ಅರ್ಧದಷ್ಟು ವೇಗ ಮನೆಯನ್ನು ಹೊಕ್ಕೇ ಇರಲಿಲ್ಲ.

7ರ ಕಥೆ ಗೋಡೆಯದು. ಹಜಾರಕ್ಕೂ ಕೋಣೆಗೂ ನಡುವೆ ಒಂದೂವರೆ ಅಡಿ ದಪ್ಪದ ಇಟ್ಟಿಗೆಗೋಡೆ. ಅದಕ್ಕೊರಗಿ ಕಬ್ಬಿಣದ ಬೀರು. ಮಳೆಗೆ ನೆನೆದ ಗೋಡೆ ರೇಡಿಯೋ ಅಲೆಗಳನ್ನು ಇನ್ನಷ್ಟು ಹೀರುತ್ತದೆ. ನಮ್ಮ ರೌಟರು ಬಲ್ಲುದು 2.4 ಗಿಗಾಹರ್ಟ್ಸ್ ಒಂದನ್ನೇ. ಅಲ್ಲಿ ಒಂದರ ಮೇಲೊಂದು ಬೀಳದ ಹಾದಿಗಳು ಮೂರೇ: 1, 6 ಮತ್ತು 11. ನೆರೆಹೊರೆಯ ಯಂತ್ರಗಳೆಲ್ಲವೂ ಅವುಗಳಲ್ಲೇ ನುಗ್ಗಬೇಕು. ಸಾಲದುದಕ್ಕೆ ಮೈಕ್ರೋವೇವ್ ಒಲೆ ಕೆಲಸಮಾಡುವುದೂ 2.45ರ ಸುಮಾರಿನಲ್ಲಿ, ನಾನು ಓದಲು ಕೂರುವ ಹೊತ್ತಿಗೇ ಸೊಸೆ ಮಗುವಿಗೆ ಹಾಲು ಬಿಸಿಮಾಡುತ್ತಾಳೆ. ಮಗುವಿನ ಹಸಿವಿನ ಮುಂದೆ ಕುಮಾರವ್ಯಾಸನೂ ಕಾಯಬೇಕಾದ್ದೇ.

ಅಂಗಡಿಯವರು ಆರು ಕೊಂಬಿನ ದುಬಾರಿ ರೌಟರನ್ನು ತೋರಿಸಿದರು. ಕೊಂಬು ಎಷ್ಟಿದ್ದರೂ ಗೋಡೆ ತೆಳುವಾಗದು. ಅಲ್ಲದೆ ದನಿಗೆ ಬೇಕಾದುದು ಮಹಾವೇಗವಲ್ಲ. ಒಂದು ಮೆಗಾಬಿಟ್ಟಿನ ಹತ್ತನೆಯ ಒಂದು ಪಾಲು ಸಾಕು. ಆದರೆ ಸರದಿ ತಪ್ಪಬಾರದು. ಷಟ್ಪದಿಗೂ ಬೇಕಾದುದು ಅದೇ ಅಲ್ಲವೆ? ಅದನ್ನು ನೆಚ್ಚಿಕೆಯಿಂದ ಕೊಡಬಲ್ಲುದು ತಂತಿ. ಗಿಗಾಬಿಟ್ ಬಾಗಿಲುಗಳಿರುವ ಸಾಧಾರಣ ರೌಟರೊಂದನ್ನೂ 20 ಮೀಟರ್ ಕ್ಯಾಟ್-6 ತಂತಿಯನ್ನೂ ಕೊಂಡೆ. ಕೋಣೆಗೆಂದು 5 ಗಿಗಾಹರ್ಟ್ಸ್ ಬಲ್ಲ ಸಣ್ಣ ವೈಫೈ ಪೆಟ್ಟಿಗೆಯನ್ನೂ ಕೊಂಡೆ. 5 ಗಿಗಾಹರ್ಟ್ಸಿನ ಅಲೆಗೆ ಗೋಡೆ ದಾಟುವ ಶಕ್ತಿ ಕಡಮೆ. ಆದರೆ ಈಗ ಅದು ದಾಟಬೇಕಾದ ಗೋಡೆಯೇ ಇಲ್ಲ.

ಕಿಟಕಿಯ ಚೌಕಟ್ಟಿನ ಅಂಚಿನಲ್ಲಿ ತಂತಿ ಎಳೆದು, ಅದರ ತುದಿಯಲ್ಲಿ ಅಳೆದರೆ ಮತ್ತೆ 94! ಈ ತಂತಿಯೊಳಗಿರುವುದು ಎಂಟು ಎಳೆ, ಎಂದರೆ ನಾಲ್ಕು ಜೋಡಿ. 100ರ ವೇಗಕ್ಕೆ ಎರಡು ಜೋಡಿ ಸಾಕು. ಗಿಗಾಬಿಟ್ಟಿಗೆ ನಾಲ್ಕೂ ಬೇಕು. ತುದಿಯ ಪ್ಲಗ್ಗಿನಲ್ಲಿ ಕಂದುಬಣ್ಣದ ಎಳೆಯೊಂದು ಸರಿಯಾಗಿ ಕಚ್ಚಿರಲಿಲ್ಲ. ವೈರಿಂಗ್ ಕೆಲಸದ ಹುಡುಗ ಅದನ್ನು ಕತ್ತರಿಸಿ ಹೊಸ ಪ್ಲಗ್ ಒತ್ತಿದ ಮೇಲೆ ಅಂಕಿ 190 ದಾಟಿತು. ಬಣ್ಣಗಳ ಕ್ರಮವನ್ನು ಅವನು ಮಗ್ಗಿಯಂತೆ ಒಪ್ಪಿಸುತ್ತಿದ್ದ.

ಓದು ಸುಗಮವಾಯಿತು; ನಾನು ಪದ ಒಡೆದ ರೀತಿಯನ್ನು ಅಕ್ಕ ಮತ್ತೆ ತಿದ್ದತೊಡಗಿದಳು. ಇನ್ನು ಉಳಿದಿರುವುದು ಆ ಕಡೆಯ ತೊಡಕು. ಗಾಳಿಮಳೆಗೆ ವಿದ್ಯುತ್ತು ಹೋದರೆ ಹಳ್ಳಿಯ ಮನೆಯ ಪೆಟ್ಟಿಗೆಯೇ ಆರಿಹೋಗುತ್ತದೆ. ಅದಕ್ಕೊಂದು ಸಣ್ಣ ಬ್ಯಾಟರಿಯನ್ನು ಮೊನ್ನೆ ಅಂಚೆಯಲ್ಲಿ ಕಳುಹಿಸಿದ್ದೇನೆ. ಅದು ತಲಪುವವರೆಗೆ ಕರ್ಣಪರ್ವ ನಿಂತಿದೆ.