ದುಡಿಮೆಗೆ ತಕ್ಕ ಊಟ: ಕೇಳಿ ತಿಳಿಯೋಣ, ತಿಳಿದದ್ದನ್ನು ಹಂಚೋಣ

ಉಳುಮೆಯ ಕಾಲದಲ್ಲಿ ಎತ್ತಿಗೆ ಹುರುಳಿ, ಹಿಂಡಿ ಹೆಚ್ಚಿಗೆ ಕೊಡಬೇಕೆಂದು ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಭತ್ತದ ನಾಟಿಯ ದಿನಗಳಲ್ಲಿ ನಸುಕಿನಲ್ಲೆದ್ದು ಕೊಟ್ಟಿಗೆ, ನೀರು, ಅಡಿಗೆ ಮುಗಿಸಿ, ಹಗಲೆಲ್ಲಾ ಕೆಸರುಗದ್ದೆಯಲ್ಲಿ ಬಗ್ಗಿ ದುಡಿಯುವ ಹೆಣ್ಣುಮಕ್ಕಳ ಊಟ ಆ ಕಾಲದಲ್ಲಿ ಹೆಚ್ಚುತ್ತದೆಯೇ? ಈ ಪ್ರಶ್ನೆಯನ್ನು ನಾವು ಕೇಳುವುದೇ ಅಪರೂಪ.

ಅಂಕಿ ಅಂಶಗಳು

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2020ರ ಶಿಫಾರಸಿನಂತೆ 55 ಕಿಲೋ ತೂಕದ ಮಹಿಳೆಗೆ ಹಗುರ ಕೆಲಸವಿದ್ದರೆ ದಿನಕ್ಕೆ 1,660 ಕಿಲೋ ಕ್ಯಾಲರಿ, ಸಾಧಾರಣ ಶ್ರಮಕ್ಕೆ 2,130, ಕಠಿಣ ಶ್ರಮಕ್ಕೆ 2,720 ಕಿಲೋ ಕ್ಯಾಲರಿ ಶಕ್ತಿ ಬೇಕು. ಕಬ್ಬಿಣಾಂಶ 29 ಮಿಲಿಗ್ರಾಂ ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 48ರಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿತು. ರಕ್ತಹೀನತೆಯಿದ್ದವರು ಬೇಗ ದಣಿಯುತ್ತಾರೆ, ಕೆಲಸವೂ ಕುಂಠಿತವಾಗುತ್ತದೆ.

ಕೊರತೆ ಎಷ್ಟೆಂಬುದನ್ನು ಅಂಕಿಗಳು ತೋರಿಸುತ್ತವೆ. ಏಕೆಂಬುದನ್ನು ಜನರಿಂದಲೇ ಕೇಳಿ ತಿಳಿಯಬೇಕು. ಹೀಗೆ ಅವರ ಮಾತು, ನಂಬಿಕೆ, ದಿನಚರಿಗಳ ಮೂಲಕ ಕಾರಣ ಹುಡುಕುವುದಕ್ಕೆ ಗುಣಾತ್ಮಕ ಸಂಶೋಧನೆ ಎನ್ನುತ್ತಾರೆ.

ಒಂದು ಉದಾಹರಣೆ

ಮಾರ್ಕ್ ನಿಕ್ಟರ್ ಮತ್ತು ಮಿಮಿ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞರು ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಗರ್ಭಿಣಿಯರ ಆಹಾರದ ಬಗ್ಗೆ ಅಧ್ಯಯನ ಮಾಡಿ 1983ರಲ್ಲಿ ಪ್ರಕಟಿಸಿದರು. ಹೆಚ್ಚು ಉಂಡರೆ ಹೊಟ್ಟೆಯಲ್ಲಿ ಮಗುವಿಗೆ ಜಾಗ ಸಾಲದು, ಮಗು ದೊಡ್ಡದಾದರೆ ಹೆರಿಗೆ ಕಷ್ಟ ಎಂಬ ಭಾವನೆ ಹಲವರಲ್ಲಿತ್ತು. ಇಂಥ ಅಂಜಿಕೆ ಇರುವಲ್ಲಿ "ಹೆಚ್ಚು ತಿನ್ನಿ" ಎಂದಷ್ಟೇ ಹೇಳಿದರೆ ಫಲವಿಲ್ಲ. ಗರ್ಭಿಣಿಗೆ ದಿನಕ್ಕೆ 350 ಕಿಲೋ ಕ್ಯಾಲರಿ ಹೆಚ್ಚಾಗಿ ಬೇಕು. ಅದನ್ನು ಒಮ್ಮೆಗೇ ಹೊಟ್ಟೆ ಬಿರಿಯ ಉಣ್ಣದೆ, ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಬಾರಿ ತಿನ್ನಬಹುದೆಂದು ತಿಳಿಸಿದರೆ ಮಾತು ಮನಸ್ಸಿಗೆ ನಾಟೀತು.

ಕೇಳುವ ಕ್ರಮ

1. ಆರರಿಂದ ಹತ್ತು ಮಹಿಳೆಯರನ್ನು ಅವರಿಗೆ ಬಿಡುವಿನ ಹೊತ್ತಿನಲ್ಲಿ ಸೇರಿಸಿ. ಕೂಲಿಯವರನ್ನೂ ಜಮೀನಿನ ಒಡತಿಯರನ್ನೂ ಬೇರೆ ಬೇರೆಯಾಗಿ ಕೂಡಿಸಿದರೆ ಸಂಕೋಚವಿಲ್ಲದೆ ಮಾತನಾಡುತ್ತಾರೆ.

2. "ಹಾಲು ಕುಡಿಯುತ್ತೀರಾ?" ಎಂದು ಕೇಳಿದರೆ "ಹೌದು" ಎಂಬ ಉತ್ತರ ಬರುತ್ತದೆ. "ನಿನ್ನೆ ಬೆಳಗಿನಿಂದ ಏನೇನು ತಿಂದಿರಿ, ಯಾವಾಗ ತಿಂದಿರಿ?" ಎಂದು ಕೇಳಿ.

3. ನೆಲದ ಮೇಲೆ ಹನ್ನೆರಡು ತಿಂಗಳ ಮನೆಗಳನ್ನು ಬರೆಯಿರಿ. ಕೆಲಸ ಹೆಚ್ಚಿರುವ ತಿಂಗಳಿಗೆ ಹೆಚ್ಚು ಕಲ್ಲು, ಮನೆಯಲ್ಲಿ ಕಾಳು ಕಡಿ ಇರುವ ತಿಂಗಳಿಗೆ ಹೆಚ್ಚು ಹುರುಳಿಕಾಳು ಅವರೇ ಇಡಲಿ. ಕಲ್ಲು ಹೆಚ್ಚಾಗಿ ಕಾಳು ಕಡಿಮೆಯಾದ ತಿಂಗಳೇ ಎಚ್ಚರಿಕೆಯ ಕಾಲ.

4. ನಡುವೆ ಉಪದೇಶ ಬೇಡ. ಅವರ ಮಾತನ್ನು ಅವರು ಆಡಿದಂತೆಯೇ ಬರೆದುಕೊಳ್ಳಿ.

ಕಾರಣಗಳು ಊರಿಗೊಂದು ಬಗೆಯಾಗಿರಬಹುದು: ಎಲ್ಲರೂ ಉಂಡ ಮೇಲೆ ಉಣ್ಣುವಾಗ ಪಲ್ಯ ಮುಗಿದಿರುತ್ತದೆ, ಹಾಲೆಲ್ಲಾ ಡೈರಿಗೆ ಹೋಗುತ್ತದೆ, ಹೊಲದ ಬಳಿ ಶೌಚಕ್ಕೆ ಮರೆಯಿಲ್ಲವೆಂದು ನೀರನ್ನೇ ಕಡಿಮೆ ಕುಡಿಯುತ್ತಾರೆ.

ತಿಳಿದದ್ದನ್ನು ಹಂಚುವುದು

ಮಾಹಿತಿ ಕಚೇರಿಯ ಕಡತದಲ್ಲಿ ಉಳಿದರೆ ಊರಿಗೆ ಪ್ರಯೋಜನವಿಲ್ಲ. ಮೊದಲು ಅದೇ ಮಹಿಳೆಯರ ಮುಂದಿಟ್ಟು, "ನಾವು ತಿಳಿದದ್ದು ಸರಿಯೇ?" ಎಂದು ಕೇಳಿ. ಅವರ ಒಪ್ಪಿಗೆಯಿಲ್ಲದೆ ಹೊರಗೆ ಹೇಳಕೂಡದು. ಹೆಸರು ಬಿಟ್ಟರೂ ಸಣ್ಣ ಊರಿನಲ್ಲಿ ಒಂದು ಗುರುತು ಸಾಕು, ಯಾರ ಮನೆಯ ಮಾತೆಂದು ತಿಳಿದುಬಿಡುತ್ತದೆ. ಆದುದರಿಂದ ಅಂಥ ವಿವರಗಳನ್ನೂ ಬಿಡಬೇಕು. ಬಳಿಕ ಗಂಡಸರನ್ನೂ ಅತ್ತೆಯಂದಿರನ್ನೂ ಸೇರಿಸಿ. ಶೇಕಡಾ ಲೆಕ್ಕಕ್ಕಿಂತ, ಗಂಡಸಿನ ಒಂದು ದಿನ ಮತ್ತು ಹೆಂಗಸಿನ ಒಂದು ದಿನದ ಕೆಲಸ, ಊಟ, ವಿಶ್ರಾಂತಿಗಳನ್ನು ಅಕ್ಕಪಕ್ಕದಲ್ಲಿ ಬರೆದು ತೋರಿಸುವುದು ಮೇಲು. ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರೂ ಜೊತೆಗಿರಲಿ.

ಮನೆಯಲ್ಲೇ ಆಗುವ ಕೆಲಸ

ಹೊಲಕ್ಕೆ ಬುತ್ತಿಯ ಜೊತೆ ಹುರಿದ ಕಡಲೆಕಾಯಿ ಬೀಜ ಅಥವಾ ಮೊಳಕೆ ಹುರುಳಿ ಕಟ್ಟಿಕೊಡಿ. ಸೊಪ್ಪು, ಕಾಳಿನ ಊಟದ ಜೊತೆ ನಿಂಬೆ ಅಥವಾ ನೆಲ್ಲಿಕಾಯಿ ಇದ್ದರೆ ಕಬ್ಬಿಣಾಂಶ ಚೆನ್ನಾಗಿ ಮೈಗೂಡುತ್ತದೆ. ಊಟದೊಂದಿಗೆ ಚಹಾ, ಕಾಫಿ ಬೇಡ. ಡೈರಿಗೆ ಹಾಕುವ ಮೊದಲು ಮನೆಗೆ ಬೇಕಾದ ಹಾಲು ತೆಗೆದಿಡಿ. ನಾಟಿಯ ದಿನಗಳಲ್ಲಿ ನೀರು, ಸೌದೆ ತರುವ ಕೆಲಸವನ್ನು ಗಂಡಸರು ವಹಿಸಿಕೊಳ್ಳಲಿ. ಎಲ್ಲಕ್ಕೂ ಮೊದಲು, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣುವ ರೂಢಿ ಮಾಡಿಕೊಳ್ಳಿ. ಇದಕ್ಕೆ ಕಾಸಿನ ಖರ್ಚೂ ಇಲ್ಲ.