ಕ್ಲೋರೋಫಾರ್ಮ್ ಮಾಸ್ತರರ ಶಿಷ್ಯರು

1889ರಲ್ಲಿ ಹೈದರಾಬಾದಿನ ನಿಜಾಮ ಮೆಹಬೂಬ್ ಅಲಿ ಖಾನ್ ಲಂಡನ್ನಿನ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ಗೆ 1,000 ಪೌಂಡ್ ಕೊಟ್ಟ. ಕಾರಣ ಒಂದು ಜಗಳ. ನಿಮ್ಮ ಕಡೆಯ ಪಂಡಿತನೊಬ್ಬನನ್ನು ಕಳಿಸಿ, ನಮ್ಮ ವೈದ್ಯಶಾಲೆಯವರು ಕಂಡದ್ದು ಸುಳ್ಳೋ ನಿಜವೋ ಕಣ್ಣಾರೆ ನೋಡಿಕೊಂಡು ಹೋಗಲಿ ಎಂಬುದು ಆ ಹಣದ ತಾತ್ಪರ್ಯ.

ಆಗ ನಮ್ಮ ರಾಯಚೂರು, ಮಾನ್ವಿ, ದೇವದುರ್ಗ ಎಲ್ಲವೂ ನಿಜಾಮನ ಸೀಮೆ. ಬೊಂಬಾಯಿ ಕಡೆಯ ಹಳಿ, ಮದರಾಸು ಕಡೆಯ ಹಳಿ 1871ರಲ್ಲಿ ರಾಯಚೂರಿನಲ್ಲಿ ಕೂಡಿದ್ದವು. 1874ರಿಂದ ವಾಡಿಯಲ್ಲಿ ಗಾಡಿ ಬದಲಿಸಿದರೆ ಹೈದರಾಬಾದು ಸಿಗುತ್ತಿತ್ತು. ಈ ಭಾಗದ ಹುಡುಗನಿಗೆ ಡಾಕ್ಟರಿಕೆಯ ಆಸೆ ಹುಟ್ಟಿದರೆ ಹತ್ತಿರದ ದಾರಿ ಅದೇ. ಹಾಗಾಗಿ ‘ನಮ್ಮ ಕಡೆ ಸಂಶೋಧನೆ ಎಲ್ಲಿತ್ತು’ ಎಂದು ಯಾರಾದರೂ ಮೂಗು ಮುರಿದರೆ, ನನಗೆ ನೆನಪಾಗುವುದು ಈ 1,000 ಪೌಂಡ್.

ಜಗಳ ಅರಿವು ತಪ್ಪಿಸುವ ಕ್ಲೋರೋಫಾರ್ಮಿನದು. 1848ರಲ್ಲಿ ಇಂಗ್ಲೆಂಡಿನ ಹನಾ ಗ್ರೀನರ್ ಎಂಬ 15 ವರ್ಷದ ಹುಡುಗಿ ಕಾಲಿನ ಉಗುರು ತೆಗೆಸಿಕೊಳ್ಳಲು ಹೋಗಿ, ಕ್ಲೋರೋಫಾರ್ಮ್ ಮೂಸಿಸಿದ ಕೆಲವೇ ನಿಮಿಷಗಳಲ್ಲಿ ಸತ್ತಿದ್ದಳು. ಅಂದಿನಿಂದ ವಾದ ಶುರು. ಲಂಡನ್ನಿನವರು ಮೊದಲು ನಿಲ್ಲುವುದು ಹೃದಯ, ಆದ್ದರಿಂದ ನಾಡಿ ಹಿಡಿದಿರಿ ಎಂದರು. ಎಡಿನ್‌ಬರೋದ ಜೇಮ್ಸ್ ಸೈಮ್ ನಾಡಿ ಬಿಡಿ, ಉಸಿರು ನೋಡಿ ಎನ್ನುತ್ತಿದ್ದ. ಸೈಮ್‌ನ ಶಿಷ್ಯ ಎಡ್ವರ್ಡ್ ಲಾರಿ 1885ರ ಹೊತ್ತಿಗೆ ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಆಗಿ, ಅಲ್ಲಿನ ವೈದ್ಯಶಾಲೆಯ ಪ್ರಿನ್ಸಿಪಾಲನೂ ಆಗಿ ಬಂದ. ಬರುವಾಗ ಗುರುವಿನ ಮಾತನ್ನು ತಲೆಯ ಮೇಲೆ ಹೊತ್ತು ತಂದ.

ಲಾರಿ ಹಟಮಾರಿ. ಬರೀ ಪಾಠ ಹೇಳಿ ಸುಮ್ಮನಿರುವ ಪೈಕಿ ಅಲ್ಲ. 1888ರಲ್ಲಿ ಮೊದಲನೇ ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗ ಕೂತಿತು. ನಾಯಿಗಳಿಗೆ ಕ್ಲೋರೋಫಾರ್ಮ್ ಕೊಟ್ಟು ನೋಡಿದರು: ಮೊದಲು ನಿಂತದ್ದು ಉಸಿರು, ಆಮೇಲೆ ಹೃದಯ. ಲ್ಯಾನ್ಸೆಟ್ ನಂಬಲಿಲ್ಲ. ಆಗಲೇ ನಿಜಾಮನ ಹಣ ಹೊರಟದ್ದು. ಪತ್ರಿಕೆ ಕಳಿಸಿದವನು ಲಾಡರ್ ಬ್ರಂಟನ್, ಔಷಧಶಾಸ್ತ್ರದಲ್ಲಿ ಆ ಕಾಲದ ದೊಡ್ಡ ಹೆಸರು. ಹೃದಯದ ಪಕ್ಷದವನಾಗಿಯೇ ಬಂದ. 1889ರ ಕೊನೆಯ ತಿಂಗಳುಗಳಲ್ಲಿ ಎರಡನೇ ಆಯೋಗ ನಾಯಿ, ಕೋತಿ, ಕುದುರೆ, ಮೇಕೆ ಎಂದು 400ಕ್ಕೂ ಹೆಚ್ಚು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿತು. ಬ್ರಂಟನ್ ಲಂಡನ್ನಿಗೆ ತಂತಿ ಹೊಡೆದ: ಅಪಾಯ ಉಸಿರಿನದೇ, ಹೃದಯದ್ದಲ್ಲ. ಲಾರಿ ಗೆದ್ದ.

ಈ ಕಥೆಯಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಲಾರಿಯ ಗೆಲುವಲ್ಲ, ಮೇಜಿನ ಸುತ್ತ ನಿಂತಿದ್ದವರು. ಅವರಲ್ಲೊಬ್ಬಳು ರೂಪಾಬಾಯಿ ಫರ್ದೂನ್‌ಜಿ. 1885ರಲ್ಲಿ ಆ ಶಾಲೆ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಾಗ ಒಳಗೆ ಬಂದ ಕೆಲವೇ ಮಂದಿಯಲ್ಲಿ ಒಬ್ಬಳು. ಎರಡನೇ ಆಯೋಗದ ಕೆಲಸದಲ್ಲಿ ಪಾಲ್ಗೊಂಡಳು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎಂದು ಇಂದು ಆಕೆಯನ್ನು ಕರೆಯುತ್ತಾರೆ. ಆ ಹುಡುಗಿ, ಇಡೀ ಯುರೋಪು ಕಚ್ಚಾಡುತ್ತಿದ್ದ ಪ್ರಶ್ನೆಯ ಎದುರು ನಿಂತು ಕೈಯಾರೆ ಕೆಲಸ ಕಲಿತಳು. ಈಗಿನ ಎಷ್ಟು ಪಿ.ಜಿ.ಗಳಿಗೆ ಆ ಭಾಗ್ಯ ಉಂಟು?

ಹಾಗೆಂದು ಲಾರಿಗೆ ಹಾರ ಹಾಕಿ ಮುಗಿಸುವಂತಿಲ್ಲ. 1911ರಲ್ಲಿ ಗುಡ್‌ಮನ್ ಲೆವಿ ಎಂಬಾತ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ, ಕ್ಲೋರೋಫಾರ್ಮ್ ಅಮಲು ಹಗುರಾಗಿದ್ದಾಗಲೇ ಹೃದಯ ತಾಳ ತಪ್ಪಿ ನಿಂತುಬಿಡಬಹುದು ಎಂದು ತೋರಿಸಿದ. 400 ಪ್ರಾಣಿಗಳ ಸಾಕ್ಷಿ ಇಟ್ಟುಕೊಂಡೂ ಹೈದರಾಬಾದು ಎಡವಿತ್ತು. ಸೈಮ್ ಹೇಳಿದ್ದನ್ನು ಲಾರಿ ಪರೀಕ್ಷಿಸಲು ಹೊರಡಲಿಲ್ಲ, ಸಾಬೀತು ಮಾಡಲು ಹೊರಟ. ಶಿಷ್ಯರಲ್ಲಿ ‘ಇಲ್ಲ ಸರ್’ ಎನ್ನುವ ಧೈರ್ಯ ಯಾರಿಗಿತ್ತು? ಗೈಡ್ ಇಲ್ಲದಿರುವುದು ಒಂದು ಕಷ್ಟ. ಗೈಡ್ ಮಾತೇ ವೇದವಾಗುವುದು ಇನ್ನೊಂದು.

ಮುಂದಿನ ದಶಕಗಳು ರಾಯಚೂರಿನ ಮಟ್ಟಿಗೆ ಬರೀ ಆಡಳಿತದ ಕಥೆ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಬಂತು, ವೈದ್ಯಕೀಯವನ್ನೂ ಉರ್ದುವಿನಲ್ಲಿ ಕಲಿಸಿತು. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು, ಹೈದರಾಬಾದು ಪರರಾಜ್ಯವಾಯಿತು. 1961ರಲ್ಲಿ ಬಳ್ಳಾರಿಗೆ, 1963ರಲ್ಲಿ ಕಲಬುರಗಿಗೆ ಮೆಡಿಕಲ್ ಕಾಲೇಜು ಬಂತು. ರಾಯಚೂರಿಗೆ ಸರ್ಕಾರಿ ಕಾಲೇಜು ‘ರಿಮ್ಸ್’ ಬಂದದ್ದು 2007ರಲ್ಲಿ. ನಡುವೆ ಓಪೆಕ್ ನೆರವಿನ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಎದ್ದು, ಹತ್ತು ವರ್ಷ ಖಾಸಗಿಯವರ ಕೈಯಲ್ಲಿದ್ದು, ಆಮೇಲೆ ರಿಮ್ಸ್‌ಗೆ ಬಂತು. ಇಂದಿಗೂ ಊರವರಿಗೆ ಅದು ‘ಓಪೆಕ್’.

ಈಗ ಕಾಗದದಲ್ಲಿ ಏನೂ ಕಡಿಮೆ ಇಲ್ಲ. ಎಂ.ಬಿ.ಬಿ.ಎಸ್. ಹುಡುಗರಿಗೆ ಐ.ಸಿ.ಎಂ.ಆರ್. 1979ರಿಂದ ಕಿರು ಅವಧಿಯ ವಿದ್ಯಾರ್ಥಿವೇತನ ಕೊಡುತ್ತಿದೆ. ಪಿ.ಜಿ.ಗೆ ಥೀಸಿಸ್ ಕಡ್ಡಾಯ. ಸಂಶೋಧನಾ ವಿಧಾನದ ಆನ್‌ಲೈನ್ ಕೋರ್ಸ್ ಕಡ್ಡಾಯ. ಮೂರು ತಿಂಗಳ ಜಿಲ್ಲಾ ರೆಸಿಡೆನ್ಸಿಯೂ ಕಡ್ಡಾಯ. ಆದರೂ ಎಲ್ಲ ಕಡೆ ಕೇಳುವ ಪಾಡು ಒಂದೇ: ಹಳೆಯ ಥೀಸಿಸ್‌ನ ಶೀರ್ಷಿಕೆಯಲ್ಲಿ ಊರಿನ ಹೆಸರು ಬದಲಿಸಿ ಸಿನಾಪ್ಸಿಸ್, ಪರೀಕ್ಷೆ ಹತ್ತಿರ ಬಂದಾಗ ರಾತ್ರಿಯಿಡೀ ಕೂತು ಮಾಸ್ಟರ್ ಚಾರ್ಟ್, ಗೈಡ್ ಎಂದರೆ ಸಹಿ.

ಕೆಲಸಕ್ಕೆ ವಿಷಯದ ಬರವಿದೆಯೇ? ಬಾವಿ ನೀರಿನ ಫ್ಲೋರೈಡ್, ಗರ್ಭಿಣಿಯರ ರಕ್ತಹೀನತೆ, ಹತ್ತಿ-ಭತ್ತದ ಹೊಲಗಳ ಕೀಟನಾಶಕ, ಹಾವು ಕಡಿತ, ದೇವದುರ್ಗವನ್ನು ರಾಜ್ಯಕ್ಕೆಲ್ಲ ಸುದ್ದಿ ಮಾಡಿದ ಮಕ್ಕಳ ಅಪೌಷ್ಟಿಕತೆ. ಇಲ್ಲಿ ಬೇಕಾದ ಹಿರಿಯರ ಬುದ್ಧಿ ಯಾವ ವಿಡಿಯೊದಲ್ಲೂ ಸಿಗದು. ದೇವದುರ್ಗದ ತಾಂಡಾದಲ್ಲಿ ತಾಯಂದಿರನ್ನು ಆರು ತಿಂಗಳು ಹಿಂಬಾಲಿಸುತ್ತೇನೆಂದು ಬರೆದುಕೊಂಡ ಹುಡುಗಿಗೆ, ‘ಸುಗ್ಗಿ ಮುಗಿದ ಮ್ಯಾಲೆ ಮನಿಗೆ ಬೀಗ ಬೀಳ್ತಾವವ್ವ, ಎಲ್ಲಾರೂ ಬೆಂಗಳೂರಿಗೆ ಗುಳೆ ಹೋಗ್ತಾರ, ಮೊಹರಂಗೋ ಯುಗಾದಿಗೋ ಬರ್ತಾರ, ಆವಾಗ ಹಿಡಿ’ ಎನ್ನುವವರು ಬೇಕು. ಮಾನ್ವಿಯ ಕಾಲುವೆ ಸೀಮೆಯಲ್ಲಿ ನಾಟಿಯ ಕಾಲಕ್ಕೆ ಹೆಂಗಸರು ಬೆಳಕು ಹರಿಯುವ ಮೊದಲೇ ಗದ್ದೆಗೆ ಹೋಗಿರುತ್ತಾರೆ, ಹತ್ತು ಗಂಟೆಗೆ ರಕ್ತ ತೆಗೆಯಲು ಹೋದರೆ ಸಿಗುವುದು ಮುದುಕರು ಮತ್ತು ಮಕ್ಕಳು ಮಾತ್ರ ಎಂದು ಮೊದಲೇ ಹೇಳುವವರು ಬೇಕು. ಇಂಥ ತಿಳಿವಳಿಕೆ ಇಲ್ಲದ ಅಧ್ಯಯನದಲ್ಲಿ ಅರ್ಧ ಜನ ‘ಸಂಪರ್ಕಕ್ಕೆ ಸಿಗಲಿಲ್ಲ’ ಎಂಬ ಕಾಲಂಗೆ ಬೀಳುತ್ತಾರೆ.

ಊರು ಬಲ್ಲವರು ನಡೆಸುವ ಸಂಶೋಧನೆ ಆಗದ ಕೆಲಸವೇನಲ್ಲ. ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ ಬಿ.ಎಸ್. ಕೊಡ್ಕಣಿ, ಶಿವಪ್ರಸಾದ ಗೌಡರ್ ಮುಂತಾದವರು ಅಮೆರಿಕದ ರಿಚರ್ಡ್ ಡರ್ಮನ್ ಜೊತೆ ಸೇರಿ, 2002ರಿಂದ 2005ರವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ 1,620 ಬಾಣಂತಿಯರನ್ನು ಒಳಗೊಂಡ ಪರೀಕ್ಷೆ ನಡೆಸಿದರು. ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟವರು ದೊಡ್ಡ ಡಾಕ್ಟರುಗಳಲ್ಲ, ಎ.ಎನ್.ಎಂ. ಸಿಸ್ಟರುಗಳು. ಹೆರಿಗೆಯ ನಂತರದ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 2006ರಲ್ಲಿ ಅದು ಅಚ್ಚಾದದ್ದು ಅದೇ ಲ್ಯಾನ್ಸೆಟ್‌ನಲ್ಲಿ. ಒಂದೇ ತಂಡ ವರ್ಷಗಟ್ಟಲೆ ಒಂದೇ ಕಡೆ ಕೂತು ಹೊಸಬರನ್ನು ಕೈಹಿಡಿದು ಒಳಗೆ ಕರೆದುಕೊಂಡದ್ದರಿಂದ, ಬೆಳಗಾವಿಯಲ್ಲಿ ಆಮೇಲೂ ಇಂಥ ಪರೀಕ್ಷೆಗಳು ಸಾಲಾಗಿ ನಡೆದವು.

ರಾಯಚೂರಿನಲ್ಲಿ 2022ರ ಮೇ ತಿಂಗಳಿಂದ ಏಮ್ಸ್‌ಗಾಗಿ ಜನ ಧರಣಿ ಕೂತರು, ಸಾವಿರ ದಿನ ದಾಟಿದರು. ಅವರ ಬೇಡಿಕೆ ನ್ಯಾಯವಾದದ್ದು. ಈ ಭಾಗದವರಿಗೆ ಸಂವಿಧಾನದ 371-ಜೆ ವಿಧಿ ಸೀಟು ಕೊಡುತ್ತದೆ, ನೌಕರಿ ಕೊಡುತ್ತದೆ. ಆ ನೌಕರಿಗೆ ಬಂದ ಪ್ರಾಧ್ಯಾಪಕರು ಬೆಂಗಳೂರಿಗೆ ವರ್ಗ ಕೇಳದೆ ಹತ್ತು ವರ್ಷ ಇಲ್ಲೇ ಉಳಿಯಲು ಏನು ಕೊಡುತ್ತೀರಿ ಎಂದು ಆ ಪೆಂಡಾಲಿನಿಂದಲೇ ಯಾರಾದರೂ ಸರ್ಕಾರವನ್ನು ಕೇಳಬೇಕು.