ಎಗ್ ಫ್ರೀಜಿಂಗ್ ಇನ್ಶೂರೆನ್ಸ್ ಅಂತೆ, ಹೌದಾ?

ಕಳೆದ ತಿಂಗಳು ನನಗೆ 29 ತುಂಬಿತು. ಮದುವೆ ಆಗಿಲ್ಲ, ಸದ್ಯಕ್ಕೆ ಆಗೋ ಸೂಚನೆಯೂ ಇಲ್ಲ. ಅದೇ ವಾರ ಬೆಂಗಳೂರಿನ ಒಂದು ಫರ್ಟಿಲಿಟಿ ಕ್ಲಿನಿಕ್‌ಗೆ ಹೋಗಿದ್ದೆ. ಅಲ್ಲಿನ ಕೌನ್ಸೆಲರ್ ಹೇಳಿದ ಮೊದಲ ಮಾತೇ, ‘ಇದನ್ನ ಇನ್ಶೂರೆನ್ಸ್ ಅಂದ್ಕೊಳ್ಳಿ ಮೇಡಂ’. ಬಿ.ಕಾಂ ಓದಿದ ತಲೆ, ಅಲ್ಲೇ ತಡೆದು ನಿಂತಿತು.

ಅಮ್ಮನ ಪ್ರಶ್ನೆ ಬೇರೆ: ‘ಈಗಲೇ ಅಷ್ಟೊಂದು ತೆಗೆದುಬಿಟ್ರೆ ಆಮೇಲೆ ಖಾಲಿ ಆಗಲ್ವೇನೇ?’ ಒಳ್ಳೇ ಪ್ರಶ್ನೆ, ಇಲ್ಲಿಂದಲೇ ಶುರು ಮಾಡೋಣ.

ಹೆಣ್ಣುಮಗು ಹುಟ್ಟುವಾಗಲೇ ಅಂಡಾಶಯದಲ್ಲಿ 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಉಳಿಯೋದು ಮೂರ್ನಾಲ್ಕು ಲಕ್ಷ. ಹೊಸ ಡೆಪಾಸಿಟ್ ಇಲ್ಲವೇ ಇಲ್ಲ, ಬರೀ ವಿತ್‌ಡ್ರಾವಲ್. ಪ್ರತಿ ತಿಂಗಳು ಒಂದು ಗುಂಪು ಬೆಳೆಯೋಕೆ ಶುರು ಮಾಡುತ್ತೆ. ಸಾಮಾನ್ಯವಾಗಿ ಒಂದೇ ಒಂದು ಪೂರ್ತಿ ಮಾಗಿ ಹೊರಬರುತ್ತೆ, ಉಳಿದವು ಅಲ್ಲೇ ಸಾಯುತ್ತವೆ. ಸುಮಾರು 10–12 ದಿನ ಕೊಡುವ ಹಾರ್ಮೋನ್ ಇಂಜೆಕ್ಷನ್, ಆ ತಿಂಗಳು ಹೇಗೂ ಸಾಯಬೇಕಿದ್ದವನ್ನೇ ಮಾಗಿಸುತ್ತೆ. ಅಂದ್ರೆ ಮುಂದಿನ ವರ್ಷಗಳ ಸ್ಟಾಕ್‌ಗೆ ಕೈ ಹಾಕಲ್ಲ. ಅಮ್ಮನಿಗೆ ಅರ್ಧ ಸಮಾಧಾನ ಆಯ್ತು.

ಆಮೇಲೆ ಅರಿವಳಿಕೆ ಕೊಟ್ಟು, ಸ್ಕ್ಯಾನ್ ನೋಡ್ಕೊಂಡು ಸೂಜಿಯಿಂದ ಅಂಡಾಣು ಹೀರಿ ತೆಗೀತಾರೆ. ಹೊಟ್ಟೆ ಉಬ್ಬರ ಮಾಮೂಲು, ಅಪರೂಪಕ್ಕೆ ಆಸ್ಪತ್ರೆ ಸೇರುವಷ್ಟು ಜಾಸ್ತಿ ಆಗೋದೂ ಉಂಟು. ನಿಧಾನವಾಗಿ ಹೆಪ್ಪುಗಟ್ಟಿಸಿದರೆ ಒಳಗಿನ ನೀರು ಮಂಜಿನ ಹರಳಾಗಿ ಅಂಡಾಣು ಹಾಳಾಗುತ್ತೆ. ಅದಕ್ಕೇ ಈಗ ಕ್ಷಣಾರ್ಧದಲ್ಲಿ ತಣಿಸಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡ್ತಾರೆ. ಫ್ರೀಜ್ ಮಾಡಿದ ಅಂಡಾಣುವಿನಿಂದ ಮಗು ಹುಟ್ಟಿದ ಮೊದಲ ವರದಿ 1986ರದ್ದು. ಆದರೂ ಅಮೆರಿಕದ ತಜ್ಞರ ಸಂಘ ಇದರ ಮೇಲಿದ್ದ ‘ಪ್ರಾಯೋಗಿಕ’ ಅನ್ನೋ ಹಣೆಪಟ್ಟಿ ಕಿತ್ತಿದ್ದು 2012ರಲ್ಲಿ.

ಈಗ ಇನ್ಶೂರೆನ್ಸ್ ವಿಷ್ಯ. ಪಾಲಿಸಿ ಅಂದ್ರೆ ನಷ್ಟ ಆದಾಗ ಕ್ಲೈಮ್ ಸಿಗಬೇಕು. ಇಲ್ಲಿ ಕರಗಿಸುವಾಗ ಕೆಲವು ಹೋಗುತ್ತವೆ, ವೀರ್ಯದ ಜೊತೆ ಸೇರಿಸುವಾಗ ಕೆಲವು, ಗರ್ಭಕೋಶದಲ್ಲಿ ಊರುವಾಗ ಮತ್ತಷ್ಟು. ಬೋಸ್ಟನ್‌ನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯವರು 2017ರಲ್ಲಿ ಪ್ರಕಟಿಸಿದ ಅಂದಾಜು ನೋಡಿ: 34ನೇ ವಯಸ್ಸಲ್ಲಿ 20 ಮಾಗಿದ ಅಂಡಾಣು ಇಟ್ಟರೆ ಕನಿಷ್ಠ ಒಂದು ಮಗು ಆಗುವ ಸಾಧ್ಯತೆ ಶೇ 90. ಅಷ್ಟೇ ಅಂಡಾಣು 37ರಲ್ಲಿ ಇಟ್ಟರೆ ಶೇ 75, 42ರಲ್ಲಿ ಶೇ 37. ಆ 20 ಕೂಡ ಒಂದೇ ಸೈಕಲ್‌ನಲ್ಲಿ ಎಲ್ಲರಿಗೂ ಸಿಗಲ್ಲ. ಸೈಕಲ್‌ಗೆ ಲಕ್ಷದ ಮೇಲೆ ಖರ್ಚು, ವರ್ಷಾ ವರ್ಷ ಇಟ್ಟುಕೊಳ್ಳೋ ಫೀಸು ಬೇರೆ. ನನ್ನ ಲೆಕ್ಕದಲ್ಲಿ ಇದು ಷೇರು ಮಾರ್ಕೆಟ್‌ನ ಆಪ್ಷನ್ ಥರ: ಪ್ರೀಮಿಯಂ ಕಟ್ಟಿ ಒಂದು ಅವಕಾಶ ಉಳಿಸ್ಕೊಳ್ತೀರಿ, ಅಷ್ಟೇ. ಬಹಳ ಜನ ಇಟ್ಟಿದ್ದನ್ನ ವಾಪಸ್ ಹೋಗಿ ಬಳಸೋದೇ ಇಲ್ಲ.

ಕೀಮೋಥೆರಪಿಗೆ ಹೊರಟವರ ಲೆಕ್ಕ ಮಾತ್ರ ಪೂರ್ತಿ ಬೇರೆ. ಕೆಲವು ಕೀಮೋ ಔಷಧಿ ಅಂಡಾಶಯಕ್ಕೇ ಹೊಡೆತ ಕೊಡುತ್ತೆ, ಹಾಗಾಗಿ ಮೊದಲ ಡೋಸ್‌ಗೆ ಮುಂಚೆಯೇ ಡಾಕ್ಟರ್‌ನ ಕೇಳಬೇಕು. ಸಂಕೋಚ ಬೇಡ.

ಇನ್ನು ಕಾನೂನು: 2021ರ ಕಾಯ್ದೆ ಪ್ರಕಾರ 21 ದಾಟಿದ, 50ರೊಳಗಿನ ಒಂಟಿ ಹೆಣ್ಣುಮಕ್ಕಳೂ ನೋಂದಾಯಿತ ಕ್ಲಿನಿಕ್‌ಗೆ ಹೋಗಬಹುದು. ಗಂಡನ ಸಹಿ ಎಲ್ಲಿ ಅಂತ ನನ್ನನ್ನ ಯಾರೂ ಕೇಳಲಿಲ್ಲ.

ಎಎಂಎಚ್ ರಕ್ತಪರೀಕ್ಷೆ ಮಾಡಿಸಿದ್ದೀನಿ. ಅದು ಅಂಡಾಣು ಎಷ್ಟಿರಬಹುದು ಅಂತ ಅಂದಾಜು ಕೊಡುತ್ತೆ, ಹೇಗಿವೆ ಅಂತ ಹೇಳಲ್ಲ. ಕೌನ್ಸೆಲರ್‌ಗೆ ಒಂದೇ ಪ್ರಶ್ನೆ ಕೇಳಿ ಬಂದೆ: ‘ನಿಮ್ಮಲ್ಲಿ ಇಲ್ಲಿವರೆಗೆ ಎಷ್ಟು ಜನರ ಅಂಡಾಣು ಕರಗಿಸಿದ್ದೀರಿ, ಎಷ್ಟು ಮಕ್ಕಳು ಹುಟ್ಟಿವೆ?’ ಡಾಕ್ಟರ್‌ನ ಕೇಳಿ ಫೋನ್ ಮಾಡ್ತೀನಿ ಅಂದ್ರು. ಹತ್ತು ದಿನ ಆಯ್ತು. ಆಫರ್ ಮೆಸೇಜ್ ಮಾತ್ರ ಮೂರು ಬಂದಿವೆ.